ಕೋಟಿನ ಗುಂಡಿ

ಸ್ವಿಚ್ಚು ಮುಂದಿತ್ತು, ವಾಲ್ಯೂಮಿನ ಪಕ್ಕ.
ಚಂದ ಅಂತ ನಾನೇ ಇಟ್ಟದ್ದು.
ಅವತ್ತಿನಿಂದ ಒಂದೇ ಗುಂಯ್,
ಹಾಡಿಗೆ ಮೊದಲೂ, ಹಾಡು ಮುಗಿದ ಮೇಲೂ,
ಬರ್ತೀನಿ ಅಂದು ಬಾಗಿಲಲ್ಲೇ ನಿಂತ ನೆಂಟನ ಹಾಗೆ.

ಸಿಗ್ನಲ್ ಆಫೀಸಿನ ಜಬೀವುಲ್ಲಾ ಬಂದು ಮುಚ್ಚಳ ಎತ್ತಿದ.
"ಇನ್ನೂರ ಮೂವತ್ತು ವೋಲ್ಟನ್ನ
ಪಿಸುಮಾತಿನ ಮಗ್ಗುಲಲ್ಲಿ ಮಲಗಿಸಿದೀಯಲ್ಲೋ,
ಹಿಂದಕ್ಕೆ ಕಳಿಸು."
ಟೀ ಕುಡಿದು ರಾತ್ರಿ ಪಾಳಿಗೆ ಹೋದ.

ಭಾನುವಾರ ಪ್ಲಗ್ಗು ಕಿತ್ತೆ. ಕೆಪಾಸಿಟರ್ ಬರಿದಾಗಲಿ ಅಂತ
ಎಲೆಯಡಿಕೆ ಹಾಕಿಕೊಂಡು ಕೂತೆ.
ಹಿಂದಿನ ತಗಡು ಹಳೇ ಬಸ್ಸಿನ ಬೋರ್ಡು,
ಗುಜರಿಯಲ್ಲಿ ನಲವತ್ತು ರೂಪಾಯಿ;
ಒಳಮೈಯಲ್ಲಿ ಇನ್ನೂ ಓದಬಹುದು: ಅರಸೀಕೆರೆ–ತಿಪಟೂ
ಕೈಡ್ರಿಲ್ಲು ಸರಿಯಾಗಿ 'ಟೂ' ಮೇಲೇ ಇಳಿಯಿತು.
ಅಲ್ಯೂಮಿನಿಯಂ ಸುರುಳಿ ಅವಲಕ್ಕಿ ತಟ್ಟೆಗೂ ಬಿತ್ತು.
ವೈರೆರಡನ್ನೂ ಹುರಿ ಹೊಸೆದು, ಮೂಲೆ ಹಿಡಿಸಿ,
ಬೆಸುಗೆ ಹಾಕಿದೆ.

ಸಂಜೆ ಆನ್ ಮಾಡಿದರೆ
ಆಯಿತೋ ಇಲ್ಲವೋ ತಿಳಿಯಲಿಲ್ಲ.
ಆಮೇಲೆ, ಹಾಡುವವಳು ಉಸಿರೆಳೆದುಕೊಂಡದ್ದು,
ಮೊದಲ ಪದಕ್ಕೂ ಮುಂಚೆ.
ಹನ್ನೊಂದು ವರ್ಷದಿಂದ ಇದೇ ಕ್ಯಾಸೆಟ್ಟು;
ಅವಳು ಉಸಿರಾಡುತ್ತಾಳೆ ಅಂತಲೇ ಗೊತ್ತಿರಲಿಲ್ಲ.
ದೂರ ಯಾರ್ಡಿನಲ್ಲಿ ಗೂಡ್ಸು ಡಬ್ಬಿಗಳು
ಒಂದಕ್ಕೊಂದು ತಗುಲಿದ್ದೂ ಕೇಳಿತು.

ಮುಂದೆ ಖಾಲಿ ತೂತು.
ಸರ್ವಮಂಗಳ ಹೊಲಿಗೆ ಡಬ್ಬಿ ತಡಕಿ
ಕೋಟಿನ ಗುಂಡಿಯೊಂದು ಕೊಟ್ಟಳು. ಅಂಟಿಸಿದೆ.
ಅದರ ನಾಲ್ಕು ಕಣ್ಣಲ್ಲಿ ಒಳಗಿನ ದೀಪ:
ನಾಲ್ಕು ಕೆಂಪು ಚುಕ್ಕೆ.

ಮಲಗುವ ಮುಂಚೆ ಹೆಬ್ಬೆರಳು ಇವತ್ತಿಗೂ
ಗುಂಡಿಯನ್ನೇ ಒತ್ತುತ್ತದೆ.
"ಅದು ಕೋಟಿಂದು" ಅಂತಾಳೆ ಕತ್ತಲಲ್ಲಿ.
ಗೋಡೆಗೂ ಪೆಟ್ಟಿಗೆಗೂ ನಡುವೆ ಕೈ ತೂರಿಸಿ
ತಿಪಟೂರಿನ ಹತ್ತಿರ ಹುಡುಕುತ್ತೇನೆ.