ಇಂಡಿ ಬಸ್ಸು

ಫಾರ್ಮು ಮರಾಠಿಯಲ್ಲಿದೆ.
ಹುಡುಗ ಕನ್ನಡದಲ್ಲಿ ಸುಮ್ಮನಿದ್ದಾನೆ.
ಹೆಸರು ಗುರುಶಾಂತ, ವಯಸ್ಸು ಹದಿನೇಳು,
ಅಕ್ಕಲಕೋಟ ರಸ್ತೆಯ ಕಾರಖಾನೆಯಲ್ಲಿ
ಸೊಲ್ಲಾಪುರಿ ಚಾದರದ ಅಂಚಿನ ನೂಲು ಕತ್ತರಿಸುವ ಕೆಲಸ.
ಅಪಾಯದ ಮಟ್ಟಕ್ಕೆ ಮೂರು ಚೌಕ,
ಒಂದರಲ್ಲಿ ನಾನು ಗುರುತು ಹಾಕಬೇಕು.
ಅವನ ಅವ್ವ ಬೀಡಿ ಎಲೆ ಕತ್ತರಿಸುತ್ತಲೇ ಅಂದಳು,
"ಬಾಯಾರ, ಹೆಚ್ಚ ಅಂತ ಬರೀಬ್ಯಾಡ್ರಿ.
ಉಣ್ಣತಾನ ಇನ್ನೂ."

ಷರಾದ ಜಾಗದಲ್ಲಿ ಅದನ್ನೇ ಬರೆದೆ:
ಉಣ್ಣುತ್ತಾನೆ, ಇನ್ನೂ.

ಅಣ್ಣ ರೇವಣಸಿದ್ಧನ ಫೋಟೋಕ್ಕೆ ಹಾರವಿಲ್ಲ.
ಲೆಕ್ಕ ಮುಗಿದ ಮೇಲೇ ಹಾರ ಎಂದು
ಗೆಳೆಯರು ನಿಶ್ಚಯಿಸಿದ್ದಾರೆ.
ಲೆಕ್ಕ ಅಂದರೆ, ಹೊಟಗಿ ನಾಕಾದ ಗ್ಯಾರೇಜಿನಲ್ಲಿ
ಜಾಮೀನಿನ ಮೇಲೆ ಬಂದು ಪಂಕ್ಚರ್ ಹಾಕುವ ಒಬ್ಬ.
ಅವನಿಗೂ ಇಪ್ಪತ್ತಾಗಿಲ್ಲ.
ಅವನ ಫೈಲೂ ನನ್ನ ಕಪಾಟಿನಲ್ಲೇ ಇದೆ,
ಇದು ಗುರುಶಾಂತನಿಗೆ ಗೊತ್ತಿಲ್ಲ.

ಹೋದ ವರ್ಷ ಇನ್ನೊಬ್ಬನಿದ್ದ.
ಫೋನು ಸೈಲೆಂಟಿನಲ್ಲಿಟ್ಟು ತಂಗಿಯ ಕೂಸಿನ ತೊಟ್ಟಿಲಿಗೆ ಹೋಗಿದ್ದೆ.
ಹನ್ನೊಂದು ಮಿಸ್ಡ್ ಕಾಲ್.

ವರ್ಷದ ದಿನ ಬಂತು.
ಸಂಜೆ ಆರಕ್ಕೆ ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾದವು.
"ಎಲ್ಲಿದ್ದಿ?"
"ಇಲ್ಲೇ."
"ಎಸ್‌ಟಿ ಸ್ಟ್ಯಾಂಡಿಗೆ ಬಾ. ಒಬ್ಬಾಕಿಗೇ ಕೂಡಾಕ ಬ್ಯಾಸರ" ಎಂದೆ.
ಪೂರ್ತಿ ಸುಳ್ಳೂ ಅಲ್ಲ.

ಬಂದ. ಅಂಗಿಯ ಕೆಳಗೆ ಬಲಗಡೆ ಏನೋ ಗಟ್ಟಿ.
ಕೇಳಲಿಲ್ಲ. ಎರಡು ಚಹಾ ಹೇಳಿದೆ,
ಶೇಂಗಾ ಹೋಳಿಗೆ ಕಟ್ಟಿದ್ದ ಕಾಗದ ಬಿಚ್ಚಿದೆ,
ಕರ್ನಾಟಕದ ಬಸ್ಸುಗಳು ನಿಲ್ಲುವ ಕಡೆಗೆ ಮುಖ ಮಾಡಿ ಕೂತೆವು.

"ಏನ್ ಬರದೈತಿ ಅದು?"
ಮರಾಠಿ ಶಾಲೆಯನ್ನು ಆರನೇ ಇಯತ್ತೆಗೆ ಬಿಟ್ಟವನು,
ಅವ್ವನ ಮಾತಿಗೂ ಅಕ್ಷರವಿದೆಯೆಂದು
ಬಸ್ಸಿನ ಹಣೆಯ ಮೇಲಷ್ಟೇ ಕಂಡವನು.
"ಇಂಡಿ. ಎರಡ ಅಕ್ಷರ, ನಡುವ ಒಂದು ಸೊನ್ನಿ."
ಮೇಜಿನ ಮೇಲೆ ಚೆಲ್ಲಿದ ಚಹಾದಲ್ಲಿ ಬೆರಳಿಟ್ಟು ತಿದ್ದಿದ,
ಸೊನ್ನೆ ತುಸು ದೊಡ್ಡದಾಯಿತು.
ಆಮೇಲೆ ಆಳಂದ. ಆಮೇಲೆ ಅಫಜಲಪುರ,
ಅದರ ಫ ಅವನಿಗೆ ಒಗ್ಗಲೇ ಇಲ್ಲ.
ಅಷ್ಟರಲ್ಲಿ ಅವನ ಫೋನು ಏಳು ಸಲ ನಡುಗಿತ್ತು.
ಎಂಟನೆಯದಕ್ಕೆ ಅದನ್ನು ಬೋರಲು ಹಾಕಿ
"ಫ ಮತ್ತೊಮ್ಮೆ ತೋರಿಸ್ರಿ" ಅಂದ.

ಹನ್ನೊಂದೂವರೆಗೆ ಏಳುವಾಗ
ಅಂಗಿಯ ಕೆಳಗಿನಿಂದ ತಾನೇ ತೆಗೆದ,
ನೂಲಿನ ಉದ್ದ ಕತ್ತರಿ, ಹೊಸದಾಗಿ ಸಾಣೆ ಹಿಡಿದದ್ದು.
ನಾನು ಕೈ ಚಾಚಿದೆ.
"ಕೊಡೂದಿಲ್ಲ," ಅಂದ, "ನಾಳಿ ಪಾಳಿ ಐತಿ, ಬೇಕಾಕ್ಕೈತಿ."
ಮತ್ತೆ ಸಿಕ್ಕಿಸಿಕೊಂಡು ಹೋದ.
ಮನೆಯ ಕಡೆಗೋ ಎಂದು ತಿರುವಿನ ತನಕ ನೋಡಿದೆ,
ತಿರುವಿನ ಆಚೆ ಕಾಣುವುದಿಲ್ಲ.

ಆಟೋದವನಿಗೆ ಸುತ್ತುಹಾದಿ ಹೇಳಿದೆ, ಹೊಟಗಿ ನಾಕಾ.
ಗ್ಯಾರೇಜಿನ ಶಟರ್ ಇಳಿದಿತ್ತು,
ಕೆಳಗೆ ಒಂದು ಗೆರೆ ಬೆಳಕು.
ಫೋನು ಮಾಡಿ ಮರಾಠಿಯಲ್ಲಿ ಕೇಳಿದೆ, ಉಂಡೆಯಾ ಎಂದು.
ಒಳಗಿನಿಂದ, ಫೋನಿನಿಂದ, ಎರಡೂ ಕಡೆಯಿಂದ
ಒಟ್ಟಿಗೇ ಕೇಳಿತು,
ಹೂಂ.