ನೂರು ಮಾರು

ಸೌಟು, ಬಿಳಿ ಬೋಗುಣಿ, ಬ್ಯಾಟರಿ, ಸೀಮೆಸುಣ್ಣದ ತುಂಡು.
ಬಂದು ಹೋದ ತಾರೀಖನ್ನು ಗೋಡೆ ಮೇಲೆ ಬರೆಯುತ್ತೇನೆ
ಹಾಲಿನವನು ಲೆಕ್ಕ ಗೀಚಿದ ಹಾಗೆ.
ಅರಸೀಕೆರೆಯ ನಮ್ಮ ಬೀದಿಗೆ ನಲ್ಲಿ ನೀರು ಎಂಟು ದಿನಕ್ಕೊಂದು ಸಲ,
ಹಾಗಾಗಿ ಡ್ರಮ್ಮು, ತೊಟ್ಟಿ, ಕೊಳದಪ್ಪಲೆ,
ಪೇಂಟಿನ ಡಬ್ಬ ಕೂಡ
ನೀರು ಹಿಡಿದು ಕೂತಿರುತ್ತದೆ.
ಚೆಲ್ಲಿ ಅಂದರೆ ಓಂಕಾರಮ್ಮ ಸೆರಗು ಸಿಕ್ಕಿಸುತ್ತಾಳೆ:
"ಆಮೇಲೆ ನೀನೇ ತುಂಬಿಸಿ ಕೊಡ್ತೀಯೇನವ್ವ?"
ಕರಪತ್ರದಲ್ಲಿ ಇದಕ್ಕೆ ಉತ್ತರವಿಲ್ಲ.

ಬೋಗುಣಿಗೆ ಬೆಳಕು ಬಿಟ್ಟರೆ
ಅಕ್ಷರದಿಂದ ಉದುರಿದ ಕೊಂಬುಗಳು,
ತಲೆಕೆಳಗಾಗಿ ತೂಗಿ, ಬೆಚ್ಚಿ, ತಳಕ್ಕಿಳಿಯುತ್ತವೆ.

ತರಬೇತಿಯಲ್ಲಿ ಹೇಳಿದ್ದರು:
ಇದರ ತವರು ಆಫ್ರಿಕದ ಕಾಡು, ಮರದ ಪೊಟರೆ.
ಯಾರೋ ಕಾಡಿನ ಪಕ್ಕ ಗುಡಿಸಲು ಹಾಕಿ
ಮಡಕೆಯಲ್ಲಿ ನೀರು ತುಂಬಿಟ್ಟರು.
ಪೊಟರೆಯೋ ಮಡಕೆಯೋ, ಸೊಳ್ಳೆಗೇನು?
ಆಮೇಲೆ ಹಡಗು, ಹಡಗಿನ ನೀರಿನ ಪೀಪಾಯಿ.
ಸಂಕೋಲೆ ತೊಟ್ಟವರ ಜೊತೆ
ಅದೂ ಕಡಲು ದಾಟಿತು, ಸಂಕೋಲೆಯಿಲ್ಲದೆ.

ಕೊನೆಗೆ ಅಂದ ಒಂದು ಮಾತು ನನ್ನ ಹಿಂದೆಯೇ ಮನೆಗೆ ಬಂತು:
ಈ ಸೊಳ್ಳೆ ಹಾರುವುದು ಹೆಚ್ಚೆಂದರೆ ನೂರು ಮಾರು.

ನೂರೇ ಮಾರು!
ಸ್ಟೇಷನ್ನಿನಿಂದ ಹೊರಟರೆ ಕೊಬ್ಬರಿ ಮಂಡಿಯೂ ಸಿಗದು.
ಮಿಕ್ಕ ದಾರಿಗೆಲ್ಲ ನಾವೇ ಸವಾರಿ ಕೊಟ್ಟದ್ದು.

ಖಲಂದರ್ ಸಾಬರ ಅಂಗಡಿಯ ಹಿಂದೆ ಹಳೇ ಟೈರುಗಳ ಗೋಪುರ.
ಎಲ್ಲೆಲ್ಲಿ ಉರುಳಿ ಬಂದವೋ.
ಒಳಮೈಗೆ ಅಂಟಿದ ಮೊಟ್ಟೆ, ಸಾಸಿವೆಗಿಂತ ಸಣ್ಣದು,
ತಿಂಗಳುಗಟ್ಟಲೆ ಒಣಗಿಯೇ ಕಾಯುತ್ತದೆ ಒಂದು ಮಳೆಗೆ.
ಸಾಬರು ನಗುತ್ತಾರೆ:
"ನಲ್ಲಿ ಮುಂದೆ ನಾವು ಕಾದಷ್ಟಿಲ್ಲ ಬಿಡಮ್ಮ."

ನನ್ನ ಮದುವೆಯಾದ ವರ್ಷ ಆ ಜ್ವರ ಬಂದಾಗ
ಊರಿನ ಬಾಯಿಗೆ ಅದರ ಹೆಸರು ಹೊರಳಲಿಲ್ಲ.
ಚಿಕನ್ ಗುನ್ಯ ಅಂದರು. ಕೋಳಿ ಬಿಟ್ಟರು.
ಕೋಳಿ ಅಂಗಡಿ ಬಾಬಣ್ಣ ಗಿರಾಕಿಯಿಲ್ಲದೆ ಬಾಗಿಲೆಳೆದು
ತಾನೂ ಕೀಲು ಹಿಡಿದು ಮಲಗಿದ.
ಆ ಹೆಸರು ಅಲ್ಲಿಯ ಜನರ ಮಾತಂತೆ,
ಅರ್ಥ: ಮೈ ಬಾಗಿಸುವುದು.
ಕಡಲಾಚೆ ಕೂತು
ನಮ್ಮತ್ತೆಯನ್ನು ನೋಡಿಯೇ ಇಟ್ಟರೇನೋ.
ದಿನಕ್ಕೆ ನೂರಾರು ಕೊಬ್ಬರಿಗೆ ಚಿಪ್ಪು ಬಿಡಿಸಿದ ಕೈ
ಕಾಫಿ ಲೋಟ ಜಾರಿಸಿತು.
ಗೋಡೆ ಹಿಡಿದು ಬಚ್ಚಲಿಗೆ ಹೋದರು,
ನೆಲದಲ್ಲಿ ಏನೋ ಕಳಕೊಂಡವರ ಹಾಗೆ.
ನಾನು ಹೊಸಬಳು, ಹಿಂದೆ ನಿಂತು
ಹಿಡಿಯಲೋ ಬೇಡವೋ ಅಂತ ಕೈ ಚಾಚಿಕೊಂಡೇ ಇದ್ದೆ.

ಇವತ್ತು ಮೂವತ್ತೆಂಟು ಮನೆ. ಹನ್ನೊಂದು ಕಡೆ ಹುಳ.
ಗೋಡೆ ಗೋಡೆಗೆ ತಾರೀಖು ಬರೆದು
ಸಂಜೆ ಮನೆಗೆ ಬಂದರೆ
ಹಿತ್ತಲ ಡ್ರಮ್ಮು ಬಾಯಿ ತೆರೆದಿದೆ.
ಮುಚ್ಚಳ ಪಕ್ಕದಲ್ಲೇ ಒರಗಿದೆ, ಕಬ್ಬಿಣದ್ದು, ಭಾರ.
"ತೆಗೆಯೋದು ಹೆಂಗೋ ತೆಗೀತೀನಿ,
ಮುಚ್ಚೋಕೆ ಬೆರಳು ಮಡಿಸಲ್ಲ ಕಣೆ," ಅಂದರು ಅತ್ತೆ.

ಸೌಟು ತೆಗೆದೆ.
ಬ್ಯಾಟರಿ ಬಿಡುವ ಮುಂಚೆ
ಸುಮ್ಮನೆ ಕಣ್ಣಲ್ಲೇ ಅಳೆದೆ,
ಇಲ್ಲಿಂದ ಓಂಕಾರಮ್ಮನ ಮನೆಗೆ
ಎಷ್ಟು ಮಾರು.