ಕೊಳಲು ಕೂಗುವ ಬಿಡುವು

ಬೆಲ್ಟು, ಕೈಗಡಿಯಾರ, ಕತ್ತಿನ ಶಿಲುಬೆ
ಎಲ್ಲ ಬಿಚ್ಚಿಸಿ ತಟ್ಟೆಯಲ್ಲಿಟ್ಟೆ.
ಎಪ್ಪತ್ತೊಂದರ ಫ್ರುಕ್ತುವೋಸ್,
ಬಾರ್ಸಿಲೋನಾದ ನೆಲದಡಿ ಮೂವತ್ತು ವರ್ಷ
ಮೆಟ್ರೋ ಓಡಿಸಿದವರು,
ಸುರಂಗ ನನಗೇನು ಹೊಸದೇ ಎಂದು ನಗುತ್ತ
ಯಂತ್ರದ ಬಾಯಿಗೆ ತಲೆ ಕೊಟ್ಟರು.

ಮೈ ಜುಮ್ಮೆಂದರೆ ಈ ಗುಂಡಿ ಒತ್ತಿ.
ಎನ್ನದಿದ್ದರೆ?
ಒತ್ತಬೇಡಿ.
ಹಾಡು ಅವರೇ ತಂದದ್ದು, ಒಂದು ಸರ್ದಾನಾ,
ಹನ್ನೊಂದು ಮಂದಿಯ ಮೇಳ.
ಯಂತ್ರದ ಸುತ್ತಿಗೆಯೇಟುಗಳ ನಡುವೆ ಅದನ್ನು
ಅವರ ಕಿವಿಗೆ ಬಿಟ್ಟೆ.

ನನಗೆ ಸಂಗೀತ ಹತ್ತುವುದಿಲ್ಲ.
ಕಿವಿ ನೆಟ್ಟಗಿದೆ. ಅಪಸ್ವರ ಹಿಡಿದುಕೊಡಬಲ್ಲೆ.
ಕೇಳಿಸುತ್ತದೆ, ಪಕ್ಕದ ಮನೆಯ ನಲ್ಲಿ ಕೇಳಿಸಿದ ಹಾಗೆ.
ನನ್ನನ್ನೂ ಒಮ್ಮೆ ಮಲಗಿಸಿ ನೋಡಿದ್ದಾರೆ:
ದುಡ್ಡು ಗೆಲ್ಲುವ ಆಟಕ್ಕೆ
ಮಿದುಳು ಹಬ್ಬ ಮಾಡಿತಂತೆ,
ಪಿಟೀಲಿಗೆ ಮಾತ್ರ
ಸೋಮವಾರದ ಕಚೇರಿ.

ಆದರೂ ಚರ್ಚಿನೆದುರು ಭಾನುವಾರದ ವರ್ತುಲದಲ್ಲಿ
ಎಣಿಸುವವಳು ನಾನೇ.
ಹತ್ತು ವರ್ಷದವಳಿದ್ದಾಗಿನಿಂದ.
ಗಿಡ್ಡ ಹೆಜ್ಜೆ ಎಷ್ಟು, ಉದ್ದ ಹೆಜ್ಜೆ ಎಷ್ಟು,
ಕೈ ಯಾವಾಗ ಮೇಲೆ, ಯಾವಾಗ ಕೆಳಗೆ,
ಕುಣಿಯುವವರು ಮರೆತರೂ ನಾನು ಮರೆಯುವುದಿಲ್ಲ;
ಮರೆಸುವಂಥದ್ದು ನನ್ನೊಳಗೆ ಏನೂ ನಡೆಯುವುದಿಲ್ಲವಲ್ಲ.

ಕುಣಿತ ಮುಗಿಯುವ ಹೊತ್ತಿಗೆ
ಮೇಳ ತಟ್ಟನೆ ನಿಲ್ಲುತ್ತದೆ.
ಗೇಣುದ್ದದ ಕೊಳಲೊಂದೇ ಚೂರು ಕೂಗುತ್ತದೆ,
ಪುಟ್ಟ ತಮಟೆಗೆ ಒಂದು ಪೆಟ್ಟು.
ಎಲ್ಲರೂ ನಿಂತಲ್ಲೇ, ಕೈಗೆ ಕೈ, ಇಳಿಬಿಟ್ಟು.
ಆಗ ಸೋದರತ್ತೆ ಎಂಗ್ರಾಸಿಯಾ
ನನ್ನ ಬೆರಳು ಹಿಂಡುತ್ತಿದ್ದಳು.
ಆಚೆಯಿಂದ ಇನ್ನೊಂದು ಕೈಯೂ.
ಎಣಿಕೆ ನೆನಪಿಡು ಎನ್ನುವ ಸನ್ನೆ ಅಂದುಕೊಂಡಿದ್ದೆ
ನಲವತ್ತು ವರ್ಷ.

ಸಂಜೆ ಲೆಕ್ಕ ಹಾಕಿ ನೋಡಿದೆ.
ಫ್ರುಕ್ತುವೋಸ್ ಗುಂಡಿ ಒತ್ತಿದ್ದು
ಮೇಳ ಮತ್ತೆ ಭೋರೆಂದು ಎದ್ದಾಗ.
ರಕ್ತ ಓಡಿಬಂದದ್ದು ಅದಕ್ಕೂ ಮೊದಲು.
ಮಿದುಳಿನ ಆಳದಲ್ಲಿ, ಬಾದಾಮಿಗಿಂತ ತುಸು ದೊಡ್ಡ ಜಾಗದಲ್ಲಿ,
ಸ್ವರ ಇನ್ನೂ ಬಂದಿಲ್ಲ,
ಬರುತ್ತದೆಂದು ಗೊತ್ತು, ಅಷ್ಟೇ,
ಅಷ್ಟಕ್ಕೇ ದೀಪ ಹಚ್ಚಿಕೊಂಡು ಕೂತಿದೆ
ಆ ಮುದುಕರ ತಲೆ.

ಹಾಗಾದರೆ ಆ ಬಿಡುವಿನಲ್ಲಿ ಎಲ್ಲರೂ
ಅಲ್ಲಿಗೆ ಹೋಗುತ್ತಿದ್ದರು.
ಹೋಗುವಾಗ ನನ್ನ ಕೈ ಬಿಡದೆ,
ನಾನೂ ಬಂದಿದ್ದೇನೆ ಎಂದುಕೊಂಡು.

ಕಂಪ್ಯೂಟರ್ ಆರಿಸಿದೆ. ಕಿಟಕಿ ಹಾಕಿದೆ.
ತಟ್ಟೆಯಲ್ಲಿ ಶಿಲುಬೆ ಉಳಿದುಹೋಗಿತ್ತು.
ಲಕೋಟೆಗೆ ಹಾಕಿ ಹೆಸರು ಬರೆದೆ.

ಎಂಗ್ರಾಸಿಯಾ ಈಗಿಲ್ಲ. ಭಾನುವಾರ ನನ್ನ ಬಲಕ್ಕೆ
ಮೀನಂಗಡಿಯ ಹುಡುಗ, ತಣ್ಣಗಿನ ಒರಟು ಬೆರಳು.
ಮೇಳ ನಿಂತಿತು. ಕೊಳಲು ಕೂಗಿತು. ಹಿಂಡಿದ.
ನನ್ನೊಳಗೆ ಎಂದಿನಂತೆ ಏನೂ ಇಲ್ಲ.
ನಾನೂ ಹಿಂಡಿದೆ,
ಒಂದು ಎಣಿಕೆ ತಡವಾಗಿ.
ಅವನು ಗಾಬರಿಯಿಂದ ನೋಡಿದ:
ಲೆಕ್ಕ ತಪ್ಪಿತಾ, ರೆಮೇಯ್?
ಇಲ್ಲ, ಎಂದೆ. ಕುಣಿ.